ಸೊಳ್ಳೆ ಜಾಲರಿಯನ್ನು 24 ಪಟ್ಟು ಚಿಕ್ಕದು ಮಾಡುವುದು ಹೇಗೆ?

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆ ಕೆಡವುವ ಮಾತು ಶುರುವಾದಾಗ ನಾನು ಟೇಪು, ನೋಟ್‌ಬುಕ್ಕು ಹಿಡಿದುಕೊಂಡು ಹೋಗಿ ಅಳತೆ ತೆಗೆದುಕೊಂಡು ಬಂದೆ. ಶಿವಮೊಗ್ಗದ ಮನೆಯ ಊಟದ ಮೇಜಿನ ಮೇಲೆ ಅದನ್ನೇ 1:24ರ ಅಳತೆಯಲ್ಲಿ ಕಟ್ಟಬೇಕು ಅಂತ ಯೋಚನೆ. ಅಂದರೆ ಅಲ್ಲಿನ 24 ಸೆಂ.ಮೀ. ಇಲ್ಲಿ 1 ಸೆಂ.ಮೀ. ಗೋಡೆ ಎದ್ದಿತು, ಹೆಂಚು ಕೂತಿತು, ಜಗಲಿ ಕಂಬ ನಿಂತಿತು. ಅಡುಗೆಮನೆ ಕಿಟಕಿಗೆ ಬಂದಾಗ ಮಾತ್ರ ಕೈ ಕಟ್ಟಿಹೋಯಿತು. ಆ ಕಿಟಕಿಗೆ ಸೊಳ್ಳೆ ಜಾಲರಿ ಇತ್ತು. ಒಳಗೆ ಹಾಲು ಮೊಸರು ಇಡುವ ಬೀರು, ಬೆಕ್ಕಿನ ಕಾಟಕ್ಕೆ ಅದರ ಬಾಗಿಲಿಗೂ ಜಾಲರಿ. ಹಿತ್ತಲಲ್ಲಿ ಕೋಳಿ ಗೂಡು, ಅದಕ್ಕೆ ಇನ್ನೊಂದು ತರದ ಬಲೆ.

ಈ ಮೂರು ಜಾಲರಿಗೆ ನಾನು ಕಳೆದ ಸಮಯ ಇಡೀ ಮಾಡಿಗೂ ಕಳೆದಿಲ್ಲ. ಮಾಡೆಲ್ ಸಾಮಾನು ಮಾರುವವರ ಹತ್ತಿರ ಲೋಹದ ತೆಳು ಹಾಳೆಯಲ್ಲಿ ಕೊರೆದ ಜಾಲರಿ ಸಿಗುತ್ತದೆ. ಚೆನ್ನಾಗಿಯೂ ಇರುತ್ತದೆ, ಆದರೆ ಅಂಗೈ ಅಗಲದ ತುಂಡಿಗೆ ಕೊಡುವ ದುಡ್ಡು ನೋಡಿದರೆ ಮನಸ್ಸು ಬರುವುದಿಲ್ಲ. ನನಗೆ ಬೇಕಾದದ್ದೆಲ್ಲ ಕೊನೆಗೆ ಮನೆಯಲ್ಲಿ, ಇಲ್ಲದಿದ್ದರೆ ಒಂದೆರಡು ಬೀದಿ ಆಚೆ ಸಿಕ್ಕಿತು.

ಮೊದಲು ಎಣಿಸಿ, ಆಮೇಲೆ ಹುಡುಕಿ

ನಿಜದ ಜಾಲರಿಯ ಒಂದೇ ಕಣ್ಣನ್ನು ಅಳೆಯಲು ಹೋಗಬೇಡಿ, ತಪ್ಪುತ್ತೀರಿ. ಜಾಲರಿಗೆ ಸ್ಕೇಲ್ ಒತ್ತಿ ಹಿಡಿದು ಫೋನಿನಲ್ಲಿ ಹತ್ತಿರದಿಂದ ಫೋಟೊ ತೆಗೆಯಿರಿ. ಆಮೇಲೆ ಫೋಟೊ ದೊಡ್ಡದು ಮಾಡಿಕೊಂಡು ಒಂದು ಇಂಚಿನಲ್ಲಿ ಎಷ್ಟು ಎಳೆ ಇದೆ ಅಂತ ಎಣಿಸಿ. ಅಡ್ಡ ಒಮ್ಮೆ, ಉದ್ದ ಒಮ್ಮೆ. ಕಿಟಕಿಗೆ ಹಾಕುವ ಫೈಬರ್ ಜಾಲರಿಯಲ್ಲಿ ಸಾಮಾನ್ಯವಾಗಿ ಒಂದು ಕಡೆ ಇಂಚಿಗೆ 18, ಇನ್ನೊಂದು ಕಡೆ 16 ಎಳೆ ಇರುತ್ತದೆ. 25.4 ಮಿ.ಮೀ. ಅನ್ನು 18ರಿಂದ ಭಾಗಿಸಿದರೆ ಎಳೆಯಿಂದ ಎಳೆಗೆ 1.4 ಮಿ.ಮೀ. ಅದನ್ನು ಮತ್ತೆ 24ರಿಂದ ಭಾಗಿಸಿ. 0.06 ಮಿ.ಮೀ. ಬಂತು.

ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಅಷ್ಟರೊಳಗೆ ಒಂದು ಎಳೆಯೂ ಇರಬೇಕು, ಒಂದು ಕಣ್ಣೂ ಇರಬೇಕು! ಇನ್ನು 1:87ರಲ್ಲಿ ರೈಲು ಮಾಡೆಲ್ ಮಾಡುವವರ ಲೆಕ್ಕ 0.016ಕ್ಕೆ ಇಳಿಯುತ್ತದೆ. ಅಂಥ ಬಟ್ಟೆ ನಿಮ್ಮ ಮನೆಯಲ್ಲಿ ಇಲ್ಲ, ನನ್ನ ಮನೆಯಲ್ಲೂ ಇಲ್ಲ.

ಕೋಳಿ ಗೂಡಿನ ಲೆಕ್ಕ ಸುಲಭ. ಒಂದು ಇಂಚು ಕಣ್ಣಿನ ಬಲೆ 1:24ರಲ್ಲಿ 1 ಮಿ.ಮೀ. ಚಿಲ್ಲರೆ, ಅರ್ಧ ಇಂಚಿನದು ಅರ್ಧ ಮಿ.ಮೀ. ಚಿಲ್ಲರೆ. ಇವೆರಡೂ ಅಡುಗೆಮನೆಯಲ್ಲೇ ಸಿಗುವ ಅಳತೆಗಳು. ಹಾಗಾಗಿ ದೊಡ್ಡ ಕಣ್ಣಿನ ಬಲೆಗೆ ಅಳತೆ ಕೂಡಿಸಬಹುದು. ಸೊಳ್ಳೆ ಜಾಲರಿಗೆ ಅಳತೆ ಕೂಡಿಸುವುದು ಆಗದ ಮಾತು, ಅಲ್ಲಿ ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನುವುದನ್ನು ಕೂಡಿಸಬೇಕು.

ಜಾಲರಿ ನಿಜವಾಗಿ ಹೇಗೆ ಕಾಣುತ್ತದೆ?

ಈಗಲೇ ಎದ್ದು ಹೋಗಿ ನಿಮ್ಮ ಮನೆ ಕಿಟಕಿಯನ್ನು ಅಂಗಳದಿಂದ ನೋಡಿ. ಹತ್ತು ಹೆಜ್ಜೆ ದೂರದಿಂದ ನಿಮಗೆ ಎಳೆ ಕಾಣುವುದಿಲ್ಲ, ಕಣ್ಣೂ ಕಾಣುವುದಿಲ್ಲ. ಕಾಣುವುದು ಏನು? ಕಿಟಕಿ ಒಂದು ಛಾಯೆ ಮಬ್ಬಾಗಿದೆ, ಅಷ್ಟೇ. ಒಳಗಿನ ಪಾತ್ರೆ ಸ್ಟ್ಯಾಂಡು ಇದೆ ಅಂತ ಗೊತ್ತಾಗುತ್ತದೆ, ಆದರೆ ಚೂಪಾಗಿಲ್ಲ. 1:24ರ ಮಾಡೆಲನ್ನು ಅರ್ಧ ಮೀಟರ್ ದೂರದಿಂದ ನೋಡುವುದೂ, ನಿಜದ ಮನೆಯನ್ನು 12 ಮೀಟರ್ ದೂರದಿಂದ ನೋಡುವುದೂ ಒಂದೇ. ಹಾಗಾಗಿ ಮಾಡೆಲಿನಲ್ಲಿ ಕಣ್ಣು ಎಣಿಸುವ ಹಾಗೆ ಕಂಡರೆ ಅದು ಸೊಳ್ಳೆ ಜಾಲರಿ ಅಲ್ಲ, ಕ್ರಿಕೆಟ್ ನೆಟ್ಟು.

ಇನ್ನೊಂದು ವಿಷಯ. ಬಿಳಿ ಸೊಳ್ಳೆ ಪರದೆಯ ಒಳಗೆ ಮಲಗಿದಾಗ ಹೊರಗಿನದು ಹೊಗೆಯಲ್ಲಿದ್ದ ಹಾಗೆ ಕಾಣುತ್ತದೆ. ಕಪ್ಪು ಜಾಲರಿ ಹಾಕಿದ ಕಿಟಕಿಯಿಂದ ನೋಡಿದರೆ ಜಾಲರಿಯೇ ಇಲ್ಲವೇನೋ ಅನ್ನಿಸುತ್ತದೆ. ಬಿಳಿ ಎಳೆ ತನ್ನ ಮೇಲೆ ಬಿದ್ದ ಬೆಳಕನ್ನು ನಮ್ಮ ಕಣ್ಣಿಗೇ ವಾಪಸ್ ಎರಚುತ್ತದೆ, ಕಪ್ಪು ಎಳೆ ಅದನ್ನು ನುಂಗುತ್ತದೆ. ಇದನ್ನು ಮರೆತು ನಾನು ಮೂರು ಕಿಟಕಿ ಹಾಳು ಮಾಡಿದೆ. ಆ ಕಥೆ ಮುಂದೆ ಬರುತ್ತದೆ.

ಎಲ್ಲಿ ಹುಡುಕುವುದು

ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಸ್ಕ್ರೀನ್ ಪ್ರಿಂಟಿಂಗ್ ಬಟ್ಟೆಗೆ. ಲಗ್ನಪತ್ರಿಕೆ, ಕೈಚೀಲ, ಬ್ಯಾನರು ಅಚ್ಚು ಹಾಕುವವರು ಮರದ ಚೌಕಟ್ಟಿಗೆ ಪಾಲಿಯೆಸ್ಟರ್ ಜಾಲರಿ ಬಿಗಿಯುತ್ತಾರೆ. ಬಿಗಿದ ಮೇಲೆ ಅಂಚಿನಲ್ಲಿ ಉಳಿದದ್ದನ್ನು ಕತ್ತರಿಸಿ ಬಿಸಾಡುತ್ತಾರೆ. ನಮಗೆ ಬೇಕಾದದ್ದು ಅದೇ. ಬಳಸಿದ ಹಳೆ ಸ್ಕ್ರೀನ್ ಕೊಡುತ್ತೇವೆ ಅಂದರೆ ಬೇಡ ಅನ್ನಿ, ಅದರ ಕಣ್ಣಲ್ಲಿ ಮಸಿಯ ಕಲೆ, ಕೆಮಿಕಲ್ಲಿನ ಪದರ ಕೂತಿರುತ್ತದೆ. ಅಂಚಿನ ತುಂಡು ಹೊಸದೇ, ಒಂದು ಗೇಣು ಅಗಲ ಸಿಕ್ಕರೆ ಇಡೀ ಮನೆಯ ಕಿಟಕಿಗೆ ಸಾಕು.

ಈ ಬಟ್ಟೆಗೆ ನಂಬರ್ ಇರುತ್ತದೆ. 43, 77, 120 ಅಂತ. ಒಂದು ಸೆಂ.ಮೀ.ಗೆ ಎಷ್ಟು ಎಳೆ ಅನ್ನುವುದು ಆ ನಂಬರ್. ಕೆಲವರು ಇಂಚಿನ ಲೆಕ್ಕದಲ್ಲಿ 110, 200, 305 ಅನ್ನುತ್ತಾರೆ. ಎರಡೂ ಒಂದೇ ಬಟ್ಟೆ, ಗಲಿಬಿಲಿ ಬೇಡ. 43ರಲ್ಲಿ ಎಳೆಯಿಂದ ಎಳೆಗೆ 0.23 ಮಿ.ಮೀ., 77ರಲ್ಲಿ 0.13, 120ರಲ್ಲಿ 0.08. ನಮಗೆ ಬೇಕಿದ್ದ 0.06ಕ್ಕೆ 120 ಹತ್ತಿರ ಇದೆಯಲ್ಲ, ಅದನ್ನೇ ಹಾಕೋಣ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಆದರೆ ಕಣ್ಣಿಗಿಂತ ಎಳೆಯ ದಪ್ಪ ಮುಖ್ಯ. ನಿಜದ ಕಿಟಕಿ ಜಾಲರಿಯಲ್ಲಿ ಎಳೆ ಸುಮಾರು 0.28 ಮಿ.ಮೀ. ದಪ್ಪ. ಲೆಕ್ಕ ಹಾಕಿದರೆ ಮೂರರಲ್ಲಿ ಎರಡು ಪಾಲು ಬರೀ ಗಾಳಿ, ಒಂದು ಪಾಲು ಎಳೆ. 120ರ ಬಟ್ಟೆಯಲ್ಲಿ ಎಳೆ 0.034 ಮಿ.ಮೀ. ಇದ್ದರೂ ಕಣ್ಣು ಅದಕ್ಕಿಂತ ತುಸುವೇ ದೊಡ್ಡದು. ಹಾಗಾಗಿ ಮೂರರಲ್ಲಿ ಒಂದು ಪಾಲು ಮಾತ್ರ ಖಾಲಿ. ಅಳತೆ ಸರಿ ಇದ್ದೂ ಕಿಟಕಿ ಹಾಲುಗಾಜು ಹಾಕಿದ ಹಾಗೆ ಕಾಣುತ್ತದೆ. 43ರಲ್ಲಿ ನಾಲ್ಕು ಹತ್ತಂಶಕ್ಕಿಂತ ತುಸು ಹೆಚ್ಚು ಖಾಲಿ ಇರುತ್ತದೆ, ಆದರೆ ಹತ್ತಿರ ಹೋದರೆ ಎಳೆ ಕಾಣುತ್ತದೆ. ನಾನು ಕೊನೆಗೆ ಒಪ್ಪಿದ್ದು 77. ಬೀರುವಿನ ಬಾಗಿಲಿಗೆ ಮಾತ್ರ 43 ಹಾಕಿದೆ, ಹಳೇ ಬೀರುಗಳ ತಂತಿ ಜಾಲರಿ ಹೇಗೂ ಸ್ವಲ್ಪ ಒರಟು.

ಎರಡನೆಯದು ಕಾಲಿಗೆ ಹಾಕುವ ತೆಳು ಸ್ಟಾಕಿಂಗ್. ಗಾಂಧಿ ಬಜಾರಿನ ಫ್ಯಾನ್ಸಿ ಅಂಗಡಿಗಳಲ್ಲಿ ಕೇಳಿ. ಡೆನಿಯರ್ ಅಂತ ಒಂದು ನಂಬರ್ ಬರೆದಿರುತ್ತದೆ, 15 ಅಥವಾ ಅದಕ್ಕಿಂತ ಕಡಿಮೆ ಇರಲಿ. ಎಳೆದಷ್ಟೂ ತೆಳುವಾಗುತ್ತದೆ, ಹೀಗಾಗಿ ಮಬ್ಬು ಎಷ್ಟು ಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತದೆ. 1:87ರ ಚಿಕ್ಕ ಕಿಟಕಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಹೆಣೆದ ಬಟ್ಟೆಯಾದ್ದರಿಂದ ಕಣ್ಣು ಚೌಕವಾಗಿಲ್ಲ, ಆದರೆ ಆ ಅಳತೆಯಲ್ಲಿ ಯಾರಿಗೆ ಕಾಣುತ್ತದೆ? ಮಲೆನಾಡಿನಲ್ಲಿ ಇದಕ್ಕೆ ಒಂದು ತೊಂದರೆ ಇದೆ, ಮಳೆಯ ಮಾತು ಬಂದಾಗ ಹೇಳುತ್ತೇನೆ.

ಮೂರನೆಯದು ಸೀರೆಗೆ ಸಂಬಂಧಪಟ್ಟದ್ದು. ಆರ್ಗಾಂಜಾ ಬಟ್ಟೆಯ ತುಂಡು ಟೈಲರ್ ಹತ್ತಿರ ಸಿಗುತ್ತದೆ. ಚೌಕ ನೇಯ್ಗೆ, ತಾನೇ ಗರಿಗರಿ ನಿಲ್ಲುತ್ತದೆ, ಕತ್ತರಿಸಲು ಸುಲಭ. ಹೊಳಪು ಮಾತ್ರ ಜಾಸ್ತಿ, ಬಣ್ಣ ಹೊಡೆಯದೆ ಬಳಸಬೇಡಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಪಿರಮಿಡ್ ಆಕಾರದ ಚಹಾ ಚೀಲದ ಜಾಲರಿ ಚೆನ್ನಾಗಿದೆ, ಕಾಫಿ ಸೀಮೆಯಲ್ಲಿ ಅದನ್ನು ತರಿಸುವುದೇ ಕೆಲಸ. ನಲ್ಲಿಯ ತುದಿಯ ಚಿಕ್ಕ ಸ್ಟೀಲ್ ಜಾಲರಿ, ಸವೆದ ಸ್ಟೀಲ್ ಚಹಾ ಸೋಸಣಿಗೆ ಇವು ಅರ್ಧ ಮಿ.ಮೀ. ಆಚೀಚೆ ಕಣ್ಣಿನವು. ಅರ್ಧ ಇಂಚಿನ ಚೌಕ ಬಲೆಗೆ, ಅಂದರೆ ಮೊಲದ ಗೂಡು, ಹಿತ್ತಲ ಗೇಟು ಇಂಥದ್ದಕ್ಕೆ ಸರಿ. ಡೀಸೆಲ್ ರೈಲು ಎಂಜಿನ್ ಮಾಡುವವರು ಅದರ ಪಕ್ಕದ ಗಾಳಿ ಜಾಲರಿಗೆ 43ರ ಪ್ರಿಂಟಿಂಗ್ ಬಟ್ಟೆಯನ್ನೇ ನೋಡಲಿ. ಕೆಟ್ಟ ಎಲೆಕ್ಟ್ರಿಕ್ ಶೇವರಿನ ತಲೆಯ ತಗಡು ಬಿಸಾಡಬೇಡಿ, ಕೆಲವದರಲ್ಲಿ ಆರು ಮೂಲೆಯ ರಂಧ್ರಗಳು ಎಷ್ಟು ಸೊಗಸಾಗಿರುತ್ತವೆ ಅಂದರೆ ಸುಮ್ನೆ ನೋಡುತ್ತಾ ಕೂರಬಹುದು. ಗಾಯಕ್ಕೆ ಕಟ್ಟುವ ಬ್ಯಾಂಡೇಜ್ ಬಟ್ಟೆ ಬೇಡವೇ ಬೇಡ. ನೂಲಿನ ಜುಂಗು ಎದ್ದು ಜೇಡರ ಬಲೆಯ ಹಾಗೆ ಕಾಣುತ್ತದೆ.

ಕೋಳಿ ಗೂಡಿಗೆ? ನೆಟ್ ದುಪಟ್ಟಾ ಅಥವಾ ಮಕ್ಕಳ ಫ್ರಾಕಿನ ಒಳಗಿನ ತೆಳು ನೆಟ್. ಆರು ಮೂಲೆಯ ಕಣ್ಣು, ಕೋಳಿ ಬಲೆಯದೂ ಆರು ಮೂಲೆ. 1 ಮಿ.ಮೀ. ಹತ್ತಿರದ್ದು ಹುಡುಕಿ. ಮಂಚಕ್ಕೆ ಕಟ್ಟುವ ಸೊಳ್ಳೆ ಪರದೆಯೂ ಇದೇ ಜಾತಿ, ಆದರೆ ಚದರ ಇಂಚಿಗೆ 156 ಕಣ್ಣಿನ ಪರದೆಯಲ್ಲಿ ಕಣ್ಣಿಂದ ಕಣ್ಣಿಗೆ 2 ಮಿ.ಮೀ. 1:24ಕ್ಕೆ ಅದು ತುಸು ದೊಡ್ಡದಾಯಿತು, 1:12ರ ಗೊಂಬೆ ಮನೆಗೆ ಹೇಳಿ ಮಾಡಿಸಿದ ಹಾಗಿದೆ. ತಮಾಷೆ ನೋಡಿ, ನಿಜದ ಸೊಳ್ಳೆ ಪರದೆ ಮಾಡೆಲಿನಲ್ಲಿ ಸೊಳ್ಳೆ ಪರದೆ ಆಗುವುದಿಲ್ಲ, ಕೋಳಿ ಬಲೆ ಆಗುತ್ತದೆ.

ಈಗ ಕೆಲಸ

1. ಒಂದು ಕಪ್ಪು ಕಾಗದ, ಒಂದು ಬಿಳಿ ಕಾಗದ ಪಕ್ಕಪಕ್ಕ ಇಡಿ. ಸಿಕ್ಕಿದ ಎಲ್ಲ ತುಂಡುಗಳನ್ನೂ ಎರಡರ ಮೇಲೂ ಬರುವ ಹಾಗೆ ಹರಡಿ, ಒಂದು ತೋಳು ದೂರ ಹಿಂದೆ ಸರಿದು ನೋಡಿ. ಕಪ್ಪಿನ ಮೇಲೆ ಕಣ್ಣಿಗೆ ಕುಕ್ಕುವುದು ಬೇಡ. ಬಿಳಿಯ ಮೇಲೆ ಪೂರ್ತಿ ಮಾಯ ಆಗುವುದೂ ಬೇಡ. ಈ ನೋಟ ಹಗಲು ಬೆಳಕಲ್ಲಿ ಇರಲಿ. ಟ್ಯೂಬ್‌ಲೈಟಿನಲ್ಲಿ ಆರಿಸಿದ್ದು ಬೆಳಿಗ್ಗೆ ಬೇರೆಯೇ ಕಾಣುತ್ತದೆ.

2. ಕಸೂತಿ ಹಾಕುವ ರಿಂಗಿಗೆ ಬಟ್ಟೆ ಬಿಗಿಯಿರಿ. ಇದೇ ಇಡೀ ಕೆಲಸದ ಜೀವ. ನಾಲ್ಕೂ ಕಡೆ ಒಂದೇ ಸಮ ಎಳೆಯಬೇಕು, ಎಳೆ ಸೊಟ್ಟ ಆದರೆ ಕಿಟಕಿಯೇ ಸೊಟ್ಟ ಕಾಣುತ್ತದೆ. ರಿಂಗಿನ ಕೆಳಗೆ ಗೆರೆ ಎಳೆದ ನೋಟ್‌ಬುಕ್ ಹಾಳೆ ಇಟ್ಟುಕೊಂಡರೆ ಎಳೆ ಗೆರೆಗೆ ಸಮ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಬೆರಳಲ್ಲಿ ತಟ್ಟಿದರೆ ಚಿಕ್ಕ ದಮ್ಮಡಿಯ ಹಾಗೆ ಸದ್ದು ಬರಬೇಕು.

3. ರಿಂಗಿನಲ್ಲಿ ಇರುವಾಗಲೇ ಬಣ್ಣ. ಪಾಲಿಯೆಸ್ಟರ್ ಬಟ್ಟೆ ಮನೆಯಲ್ಲಿ ಬಳಸುವ ಸಾಮಾನ್ಯ ಬಟ್ಟೆ ಬಣ್ಣವನ್ನು ಹಿಡಿಯುವುದಿಲ್ಲ, ನೀರಲ್ಲಿ ಅದ್ದಿ ಕುದಿಸುವ ಶ್ರಮ ವ್ಯರ್ಥ. ಮ್ಯಾಟ್ ಸ್ಪ್ರೇ ಡಬ್ಬ ಇದ್ದರೆ ರಿಂಗನ್ನು ದಾರದಲ್ಲಿ ತೂಗುಹಾಕಿ, 30 ಸೆಂ.ಮೀ. ದೂರದಿಂದ ಎರಡು ತೆಳು ಕೋಟು ಹೊಡೆಯಿರಿ. ಪೇಪರ್ ಮೇಲೆ ಮಲಗಿಸಿ ಹೊಡೆದರೆ ಬಣ್ಣ ಹಿಂದೆ ನಿಂತು ಕಣ್ಣು ಮುಚ್ಚುತ್ತದೆ. ಸ್ಪ್ರೇ ಇಲ್ಲದಿದ್ದರೆ ಕಪ್ಪು ಪರ್ಮನೆಂಟ್ ಮಾರ್ಕರಿನ ತುದಿಯನ್ನು ಓರೆಯಾಗಿ ಹಿಡಿದು ಹಗುರವಾಗಿ ಸವರಿ. ಬ್ರಷ್ಷಿನಲ್ಲಿ ಹಚ್ಚುವುದಾದರೆ ಬ್ರಷ್ ಬಹುತೇಕ ಒಣಗಿರಬೇಕು. ಕಣ್ಣಲ್ಲಿ ಬಣ್ಣದ ಪೊರೆ ನಿಂತರೆ ಒಣಗುವ ಮೊದಲೇ ಸ್ಟ್ರಾದಲ್ಲಿ ಫೂ ಅಂತ ಊದಿ.

ಪೂರ್ತಿ ಕಪ್ಪು ಬೇಡ. ಕಪ್ಪಿಗೆ ಸ್ವಲ್ಪ ಬೂದು ಬೆರೆಸಿದ್ದು ಹಳೇ ತಂತಿ ಜಾಲರಿಗೆ ಸರಿ. ಅಡುಗೆಮನೆ ಕಿಟಕಿಗೆ ನಾನು ಕಂದು ಕೂಡ ಮುಟ್ಟಿಸಿದೆ. ಸೌದೆ ಒಲೆಯ ಹೊಗೆ ಹಿಡಿದು ಹಿಡಿದು ಅದು ನಿಜಕ್ಕೂ ಆ ಬಣ್ಣಕ್ಕೇ ತಿರುಗಿತ್ತು, ಮೇಲಿನ ಅರ್ಧ ಜಾಸ್ತಿ, ಕೆಳಗಿನ ಅರ್ಧ ಕಡಿಮೆ.

ಹಾಳಾದ ಮೂರು ಕಿಟಕಿಯ ಕಥೆ ಇದೇ ಹಂತದ್ದು. ಮೊದಲ ಸಲ ಬಟ್ಟೆಯನ್ನು ಬಿಳಿಯಾಗೇ ಅಂಟಿಸಿದ್ದೆ, ಆಮೇಲೆ ಹಚ್ಚಿದರಾಯಿತು ಅಂತ. ಚೌಕಟ್ಟಿನ ಒಳಗೆ ಕೂತ ಮೇಲೆ ಮೂಲೆಗೆ ಬ್ರಷ್ ಹೋಗುವುದಿಲ್ಲ, ಹೋದರೆ ಮರಕ್ಕೂ ಮೆತ್ತುತ್ತದೆ. ಮೂರನ್ನೂ ಕಿತ್ತೆ.

4. ಚೌಕಟ್ಟು ಕಟ್ಟಿ. ದಪ್ಪ ಲಗ್ನಪತ್ರಿಕೆಯ ರಟ್ಟು ಸಾಕಾಗುತ್ತದೆ. ನನಗೆ ಇಷ್ಟವಾದದ್ದು ಅಡಿಕೆ ದಬ್ಬೆಯಿಂದ ಸೀಳಿದ ಕಡ್ಡಿ, ಅದರ ಎಳೆ ಹಳೇ ಮರದ ಹಾಗೇ ಇರುತ್ತದೆ. ಹಿಡಿಸೂಡಿ ಕಡ್ಡಿಯನ್ನು ಉದ್ದಕ್ಕೆ ಸೀಳಿದರೂ ನಡೆಯುತ್ತದೆ. ಚೌಕಟ್ಟಿಗೆ ಬಣ್ಣ ಬೇರೆಯಾಗಿ ಹಚ್ಚಿ ಒಣಗಿಸಿಟ್ಟುಕೊಳ್ಳಿ.

5. ಅಂಟಿಸುವುದು. ಚೌಕಟ್ಟಿನ ಹಿಂಬದಿಗೆ ಅಂಟು ಹಚ್ಚಿ, ರಿಂಗಿನಲ್ಲಿ ಬಿಗಿದ ಬಟ್ಟೆಯ ಮೇಲೆಯೇ ಅದನ್ನು ಕೂರಿಸಿ, ಮೇಲೊಂದು ಪುಸ್ತಕ ಇಟ್ಟು ರಾತ್ರಿ ಬಿಡಿ. ಮೊದಲು ಬಟ್ಟೆ ಕತ್ತರಿಸಿ ಆಮೇಲೆ ಅಂಟಿಸಲು ಹೋದರೆ ಬಿಗಿ ಹೋಗುತ್ತದೆ. ಬೀರುವಿನ ಬಾಗಿಲಿಗೆ ಎರಡು ತೆಳು ಚೌಕಟ್ಟು ಮಾಡಿ ಮಧ್ಯೆ ಜಾಲರಿ ಸಿಕ್ಕಿಸಿದೆ, ಒಳಗಿಂದಲೂ ಹೊರಗಿಂದಲೂ ಚೆಂದ.

ಯಾವ ಅಂಟು? ಮರ, ರಟ್ಟಿಗೆ ಫೆವಿಕಾಲ್. ಅದು ಪಾಲಿಯೆಸ್ಟರಿಗೆ ಅಂಟುವುದಿಲ್ಲ ನಿಜ, ಆದರೆ ಕಣ್ಣಿನೊಳಗೆ ಇಳಿದು ಎಳೆಯನ್ನು ಕಚ್ಚಿಕೊಳ್ಳುತ್ತದೆ, ಸಾಕು. ಸ್ಟೀಲ್ ಜಾಲರಿಗೆ ಎರಡು ಟ್ಯೂಬಿನ ಎಪಾಕ್ಸಿ. ಬಣ್ಣವಿಲ್ಲದ ಉಗುರು ಪಾಲಿಶ್ ಒಳ್ಳೆಯ ಅಂಟು, ಆದರೆ ಪ್ಲಾಸ್ಟಿಕ್ ಕಿಟ್ ಮೇಲೆ ಬಿದ್ದರೆ ಆ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಸೂಪರ್ ಗ್ಲೂ ಬಗ್ಗೆ ಎಚ್ಚರ. ಅದರ ಆವಿ ಗಾಳಿಯ ತೇವದ ಜೊತೆ ಸೇರಿ ಸುತ್ತಲೂ ಬಿಳಿ ಪುಡಿಯಾಗಿ ಕೂರುತ್ತದೆ. ಕಪ್ಪು ಜಾಲರಿಯ ಮೇಲೆ ಅದು ಬೂಷ್ಟು ಹಿಡಿದ ಹಾಗೆ ಕಾಣುತ್ತದೆ. ಬಳಸಲೇಬೇಕಾದರೆ ಸೂಜಿ ಮೊನೆಯಲ್ಲಿ ಇಷ್ಟೇ ಇಷ್ಟು ತೆಗೆದುಕೊಂಡು, ಗಾಳಿ ಆಡುವ ಕಡೆ ಇಡಿ. ಡಬ್ಬದೊಳಗೆ ಮುಚ್ಚಿಡಬೇಡಿ.

6. ಪೂರ್ತಿ ಒಣಗಿದ ಮೇಲೆ ಕತ್ತರಿಸಿ. ಹೊಸ ಬ್ಲೇಡು, ಕೆಳಗೆ ಗಾಜಿನ ತುಂಡು. ಚೌಕಟ್ಟಿನ ಹೊರ ಅಂಚಿಗೆ ಒತ್ತಿ ಒಂದೇ ಎಳೆತಕ್ಕೆ ಕೊಯ್ಯಬೇಕು. ಹಳೇ ಬ್ಲೇಡು ಎಳೆಯನ್ನು ಕೊಯ್ಯುವುದಿಲ್ಲ, ಜಗ್ಗುತ್ತದೆ. ಸ್ಟೀಲ್ ಜಾಲರಿಗೆ ಹಳೇ ಕತ್ತರಿ ಇಟ್ಟುಕೊಳ್ಳಿ, ಮನೆಯವರ ಹೊಲಿಗೆ ಕತ್ತರಿ ಮುಟ್ಟಿದರೆ ಮುಂದಿನದ್ದಕ್ಕೆ ನಾನು ಜವಾಬ್ದಾರನಲ್ಲ. ಅದರ ತುದಿಗಳು ಚರ್ಮಕ್ಕೆ ಚುಚ್ಚುತ್ತವೆ, ಕತ್ತರಿಸುವಾಗ ಚೂರುಗಳು ಸಿಡಿಯುತ್ತವೆ, ಕನ್ನಡಕ ಇರಲಿ.

ಎದುರುಬದುರು ಎರಡು ಕಿಟಕಿಗೂ ಜಾಲರಿ ಹಾಕಿದರೆ ಒಂದರ ಮೂಲಕ ಇನ್ನೊಂದು ಕಂಡು ನೀರಲೆಯಂಥ ಗೆರೆಗಳು ಮೂಡಬಹುದು. ಫೋಟೊದಲ್ಲಿ ಇನ್ನೂ ಜೋರು. ಹಿಂದಿನ ಕಿಟಕಿಯ ಬಾಗಿಲು ಮುಚ್ಚಿದ ಹಾಗೆ ಮಾಡಿಬಿಡಿ, ಅಥವಾ ನಡುವೆ ಒಂದು ಬಟ್ಟೆ ತಂತಿ ಕಟ್ಟಿ ಪಂಚೆ ನೇತುಹಾಕಿ.

ಮಳೆ ಬಂದ ಮೇಲೆ

ಬೇರೆ ಊರಿನವರಿಗೆ ಈ ಭಾಗ ಬೇಕಾಗಲಿಕ್ಕಿಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ, ಆದರೂ ಜುಲೈ ತಿಂಗಳಲ್ಲಿ ಬೀರುವಿನ ಬೆಲ್ಟು, ಚಪ್ಪಲಿ ಹಸಿರಾಗುವುದು ನಮಗೆಲ್ಲ ಗೊತ್ತಿದ್ದದ್ದೇ.

ಮೇ ತಿಂಗಳಲ್ಲಿ ನಾನು ಬಚ್ಚಲು ಮನೆಯ ಕಿಟಕಿಗೆ ಸ್ಟಾಕಿಂಗ್ ಬಟ್ಟೆ ಬಿಗಿದು ಅಂಟಿಸಿದೆ. ದಮ್ಮಡಿಯ ಹಾಗೆ ಇತ್ತು. ಜೂನ್ ಕೊನೆಗೆ ನೋಡಿದರೆ ನಡುವೆ ಹೊಟ್ಟೆ ಬಿಟ್ಟಿದೆ. ಅಂಟು ಬಿಟ್ಟಿರಬೇಕು ಅಂದುಕೊಂಡೆ, ಬಿಟ್ಟಿರಲಿಲ್ಲ. ತಪ್ಪು ನೈಲಾನಿನದು. ಸಾಧಾರಣ ತೇವದ ಗಾಳಿಯಲ್ಲೇ ನೈಲಾನ್ ತನ್ನ ತೂಕದ ಸುಮಾರು 4 ಶೇಕಡಾ ನೀರು ಹೀರುತ್ತದೆ, ತೇವ ಏರಿದಂತೆ ಇನ್ನೂ ಜಾಸ್ತಿ, ಹೀರಿದಾಗ ಉದ್ದವಾಗುತ್ತದೆ. ಪಾಲಿಯೆಸ್ಟರ್ ಹೀರುವುದು 0.4 ಶೇಕಡಾ ಮಾತ್ರ, ಹತ್ತರಲ್ಲಿ ಒಂದು ಪಾಲು. ಹತ್ತಿ ಬಟ್ಟೆ ನೈಲಾನಿಗಿಂತಲೂ ಬಾಯಾರಿದ್ದು, ಮೇಲಿಂದ ಬೂಷ್ಟಿಗೂ ಅದೇ ಇಷ್ಟ. ಅಚ್ಚಿನವರು ಸ್ಕ್ರೀನಿಗೆ ಪಾಲಿಯೆಸ್ಟರನ್ನೇ ಬಿಗಿಯುವುದೂ ಅದು ಸಡಿಲ ಬೀಳುವುದಿಲ್ಲ ಅಂತಲೇ.

ಹಾಗಾಗಿ ನಮ್ಮ ಕಡೆಯವರಿಗೆ ನನ್ನ ಸಲಹೆ: ಒಂದು ಚದರ ಸೆಂ.ಮೀ.ಗಿಂತ ದೊಡ್ಡ ಕಿಟಕಿಗೆ ಪಾಲಿಯೆಸ್ಟರ್ ಇರಲಿ. ನೈಲಾನ್ ಹಾಕಲೇಬೇಕಾದರೆ ಮಳೆಗಾಲದಲ್ಲೇ ಬಿಗಿಯಿರಿ, ಬೇಸಿಗೆಗೆ ತಾನೇ ಇನ್ನಷ್ಟು ಬಿಗಿಯಾಗುತ್ತದೆ. ಆಗ ಚೌಕಟ್ಟು ರಟ್ಟಿನದಾದರೆ ಒಳಕ್ಕೆ ಬಾಗುತ್ತದೆ, ದಬ್ಬೆ ಕಡ್ಡಿಯದು ತಡೆದುಕೊಳ್ಳುತ್ತದೆ. ಮಾಡೆಲನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವವರು ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಟ್ಟು ಒಂದು ಮೂಲೆಯಲ್ಲಿ ಅಡಗಿಸಿಡಿ. ನನ್ನವು ಹಿತ್ತಲ ಸೌದೆ ಕೊಟ್ಟಿಗೆಯ ಒಳಗಿವೆ.

ಹರಿದ ಜಾಲರಿ ಬೇಕಾದರೆ

ಅಜ್ಜನ ಮನೆಯ ಅಡುಗೆಮನೆ ಜಾಲರಿಗೆ ಎಡಗಡೆ ಕೆಳಮೂಲೆಯಲ್ಲಿ ಒಂದು ತೂತಿತ್ತು. ಅಲ್ಲಿಗೆ ಅಜ್ಜಿ ಬೇರೆ ಬಣ್ಣದ ಜಾಲರಿ ಚೂರು ಇಟ್ಟು ಗೋಣಿದಾರದಲ್ಲಿ ಹೊಲಿದಿದ್ದರು. ಅದನ್ನು ಬಿಟ್ಟರೆ ಮನೆ ಅದಲ್ಲ ಅನ್ನಿಸಿತು. 77ರ ಬಟ್ಟೆಯಲ್ಲಿ ಸೂಜಿಯಿಂದ ಎರಡು ಮೂರು ಎಳೆ ಕಿತ್ತು, ಊದುಬತ್ತಿಯ ಕೆಂಡವನ್ನು ತಾಗಿಸದೆ ಹತ್ತಿರ ಹಿಡಿದೆ. ತುದಿಗಳು ಕರಗಿ ಒಳಕ್ಕೆ ಸುರುಳಿಯಾದವು, ತೂತು ತಯಾರು. ತುಂಡು ಬಟ್ಟೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿ ಆಮೇಲೆ ಕೈ ಹಾಕಿ. ಒಂದು ಕ್ಷಣ ಜಾಸ್ತಿ ಹಿಡಿದರೆ ಕಿಟಕಿಯೇ ಖಾಲಿ.

ತೇಪೆಗೆ ಹಸಿರು ಆರ್ಗಾಂಜಾದ 4 ಮಿ.ಮೀ. ಚೂರು. ಗೋಣಿದಾರಕ್ಕೆ ಏನು ಹಾಕುವುದು ಅಂತ ಎರಡು ದಿನ ಯೋಚಿಸಿದೆ. ಕೊನೆಗೆ ತೆಂಗಿನ ನಾರಿನ ಒಂದು ಎಳೆಯನ್ನು ಎಷ್ಟು ಸಾಧ್ಯವೋ ಅಷ್ಟು ತೆಳ್ಳಗೆ ಸೀಳಿ, ಐದು ಹೊಲಿಗೆ ಹಾಕಿದೆ. ಅಜ್ಜಿಯದು ಏಳು ಹೊಲಿಗೆ ಇತ್ತು, ನನ್ನ ಕೈಯಲ್ಲಿ ಐದಕ್ಕೇ ಬಟ್ಟೆ ಬಿಗಿ ಬಿಡಲು ಶುರುವಾಯಿತು, ಅಲ್ಲಿಗೇ ನಿಲ್ಲಿಸಿದೆ.